ಕಾಲಿಂಚು ಕಮ್ಮಿ

ಚಂದ್ರಮೌಳಿಯವರಿಗೆ 'ಬ್ರೇಕ್ ಮೌಳಿ' ಅಂತ ಹೆಸರು ಬಿದ್ದಿದ್ದು ಡೆಟ್ರಾಯಿಟ್‌ನಲ್ಲಿ. ಇಪ್ಪತ್ತೇಳು ವರ್ಷ ಒಂದೇ ಕಂಪನಿ, ಒಂದೇ ಕೆಲಸ: ಬ್ರೇಕಿನ ಪಾರ್ಟುಗಳನ್ನು ಪರೀಕ್ಷೆ ಮಾಡಿ ಸರಿ ಇದೆ, ಸರಿ ಇಲ್ಲ ಅನ್ನುವುದು. ಎರಡು ಸಾವಿರದ ಎಂಟರ ಡಿಸೆಂಬರಿನಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಕೈಗೊಂದು ರಟ್ಟಿನ ಡಬ್ಬ ಕೊಟ್ಟು, ನಿಮ್ಮ ಸಾಮಾನು ತುಂಬಿಕೊಂಡು ಹೊರಡಿ ಅಂದರು. ಅಲ್ಲಿಯ ಮನೆ ಮಾರಿ, ಮಗಳು ಸಿಂಧು ಇರುವ ಕಡೆಗೆ ಅಂತ ಷಿಕಾಗೋ ಪಕ್ಕದ ವೆಸ್ಟ್‌ಮಂಟಿಗೆ ಬಂದರು. ಕೆಲಸ ಹೋಯಿತು, ಮನೆ ಹೋಯಿತು, ಹೆಸರು ಮಾತ್ರ ಜೊತೆಗೇ ಬಂತು. ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಲಿ, ಒಬ್ಬರಾದರೂ ಹತ್ತಿರ ಬಂದು, "ಅಂಕಲ್, ನಮ್ಮ ವ್ಯಾನು ಬ್ರೇಕ್ ಹಾಕಿದ್ರೆ ಕೀರ್ ಅನ್ನತ್ತೆ, ಯಾಕಿರಬಹುದು?" ಅಂತ ಕೇಳುವವರು. ಸಜ್ಜಿಗೆಗಿಂತ ಹೆಚ್ಚಾಗಿ ಆ ಪ್ರಶ್ನೆಗೇ ಇವರು ಕಾಯುತ್ತಿದ್ದರು ಅಂದರೆ ಹೆಂಡತಿ ಅಂಬುಜಮ್ಮನೂ ಇಲ್ಲ ಅನ್ನುವುದಿಲ್ಲ.

ಅಂಬುಜಮ್ಮನದು ಇನ್ನೊಂದು ತೆರನ ಹುಚ್ಚು. ಮುಚ್ಚಳ ಸರಿಯಾಗಿ ಕೂರುವ ಯಾವ ಸೀಸೆಯನ್ನೂ ಆ ಮನೆಯಿಂದ ಆಚೆ ಹಾಕಿದ್ದಿಲ್ಲ. ಕಾಫಿ ಪುಡಿಯ ಡಬ್ಬದಲ್ಲಿ ತೊಗರಿಬೇಳೆ, ಜಾಮಿನ ಬಾಟಲಿಯಲ್ಲಿ ಸಾಸಿವೆ, ಐಸ್‌ಕ್ರೀಮ್ ಡಬ್ಬದಲ್ಲಿ ಸಾರಿನ ಪುಡಿ. "ಐಸ್‌ಕ್ರೀಮ್ ಅಂತ ತೆಗೆದರೆ ಘಾಟು ಹೊಡೆಯತ್ತಲ್ಲೇ!" ಅಂತ ಚಂದ್ರಮೌಳಿ ಮೂವತ್ತೈದು ವರ್ಷದಿಂದ ರೇಗುತ್ತಿದ್ದರು. ಗ್ಯಾರೇಜಿನ ಶೆಲ್ಫಿನಲ್ಲಿ ತಾವೂ ಅದನ್ನೇ ಮಾಡುತ್ತಿದ್ದರು ಅನ್ನುವುದು ಅವರ ಲೆಕ್ಕಕ್ಕೇ ಬಂದಿರಲಿಲ್ಲ.

ಈಗ ಕಾರಿನ ವಿಷಯಕ್ಕೆ ಬರೋಣ. ಅದು ಅವರದಲ್ಲ, ದ್ವಾರಕಾನಾಥರದು. ಇಬ್ಬರೂ ಎಪ್ಪತ್ತೆರಡರಲ್ಲಿ ಮೈಸೂರಿನಿಂದ ಬಂದು ಡೆಟ್ರಾಯಿಟ್‌ನ ಒಂದೇ ರೂಮಿನಲ್ಲಿ ಅನ್ನ-ಸಾರು ಮಾಡಿಕೊಂಡಿದ್ದ ಗೆಳೆಯರು. ಆಗ ದ್ವಾರಕಾನಾಥ ಸೆಕೆಂಡ್ ಹ್ಯಾಂಡಾಗಿ ತಗೊಂಡದ್ದು ಅರವತ್ತಾರನೇ ಇಸವಿಯ ಒಂದು ಡಾಡ್ಜ್ ಡಾರ್ಟ್. ತಿಳಿನೀಲಿ ಬಣ್ಣ, ನಾಲ್ಕು ಬಾಗಿಲು. ಈಗ ಅವರಿಗೆ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಪಂಪಿನ ಬಿಡಿಭಾಗ ಮಾಡುವ ಯೂನಿಟ್ ಇದೆ, ಡೌನರ್ಸ್ ಗ್ರೋವಿನಲ್ಲಿ ದೊಡ್ಡ ಮನೆ ಇದೆ, ಆ ಮನೆಯ ಗ್ಯಾರೇಜಿನಲ್ಲಿ ಇವತ್ತಿಗೂ ಆ ಡಾರ್ಟ್ ಇದೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅದನ್ನು ತಾವೇ ಓಡಿಸಿಕೊಂಡು ಯೂನಿಟ್ಟಿಗೆ ಹೋಗುತ್ತಾರೆ. ಲೇತ್ ಮೆಷೀನುಗಳ ಜೊತೆಗೆ ಅದಕ್ಕೂ ಅರಿಶಿನ ಕುಂಕುಮ, ಸೇವಂತಿಗೆ ಹಾರ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು.

ಎರಡು ಸಾವಿರದ ಒಂಬತ್ತರಲ್ಲಿ ಹಬ್ಬಕ್ಕೆ ಇನ್ನೂ ಎರಡು ವಾರ ಇರುವಾಗ ದ್ವಾರಕಾನಾಥರ ಫೋನು. "ಮೌಳಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡು ನಿಂತಿದ್ರೆ ಪೆಡಲ್ಲು ಮೆಲ್ಲಗೆ ಕೆಳಗಿಳಿದು ಹೋಗತ್ತೆ ಕಣೋ."

"ಬ್ರೇಕ್ ಫ್ಲೂಯಿಡ್ ಎಲ್ಲಾದ್ರೂ ಸೋರ್ತಾ ಇದ್ಯಾ?"

"ಒಂದು ತೊಟ್ಟೂ ಇಲ್ಲ."

"ಹಾಗಾದ್ರೆ ಮಾಸ್ಟರ್ ಸಿಲಿಂಡರ್ ಹೋಯ್ತು. ನೀನು ಪೆಡಲ್ ಒತ್ತಿದ್ದನ್ನ ಆ ಫ್ಲೂಯಿಡ್ ಮೂಲಕ ನಾಲ್ಕೂ ಚಕ್ರಕ್ಕೆ ಮುಟ್ಟಿಸೋದೇ ಅದು. ಒಳಗಿನ ರಬ್ಬರು ಸವೆದಿದೆ. ಹೊಸದು ಹಾಕಿಸು."

ತಾವೇ ಹಾಕಿಕೊಡುತ್ತಿದ್ದರೇನೋ. ಆದರೆ ಸೊಂಟ ಬಗ್ಗುತ್ತಿರಲಿಲ್ಲ. ಆಗ ಮಂಜೇಶನ ಹೆಸರು ಹೇಳಿದವರೂ ಅವರೇ.

ಮಂಜೇಶ ಮಂಡ್ಯದವನು, ಮೂವತ್ತಾರು ವರ್ಷ, ಮೆಕ್ಯಾನಿಕಲ್ ಇಂಜಿನಿಯರ್. ವೆಸ್ಟ್‌ಮಂಟಿನಲ್ಲೇ ಅಪಾರ್ಟ್‌ಮೆಂಟು, ಹೆಂಡತಿ ಲತಾಶ್ರೀ. ಅವನ ಕಂಪನಿ ಬಾಗಿಲು ಹಾಕುತ್ತಿತ್ತು. ಅಕ್ಟೋಬರ್ ಒಂಬತ್ತು, ಶುಕ್ರವಾರ, ಕೊನೆಯ ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ಇವನನ್ನು ತಗೊಂಡು ವೀಸಾದ ಪೇಪರು ಹಾಕಬೇಕು, ಇಲ್ಲವೋ ಗಂಟುಮೂಟೆ ಕಟ್ಟಬೇಕು. ಇನ್ನೂರು ಕಡೆ ಅಪ್ಲೈ ಮಾಡಿದ್ದ. ಆ ವರ್ಷ ಯಾರು ಕೆಲಸ ಕೊಡುತ್ತಿದ್ದರು ಹೇಳಿ? ದ್ವಾರಕಾನಾಥರ ಯೂನಿಟ್ಟಿನಲ್ಲಿ ಮಾತ್ರ ಕ್ವಾಲಿಟಿ ನೋಡಿಕೊಳ್ಳುವ ಒಂದು ಜಾಗ ಖಾಲಿ ಇತ್ತು. ಅವರದು ವಿಚಿತ್ರ ಪದ್ಧತಿ. "ಇಂಟರ್ವ್ಯೂ ಗಿಂಟರ್ವ್ಯೂ ಎಲ್ಲ ಬೇಡಪ್ಪ. ನನ್ನ ಡಾರ್ಟಿಗೆ ಮಾಸ್ಟರ್ ಸಿಲಿಂಡರ್ ಹಾಕಿಕೊಡು. ಕೈಕೆಲಸ ನೋಡಿದ್ರೆ ಆಳು ಎಂಥವನು ಅಂತ ನನಗೆ ಗೊತ್ತಾಗತ್ತೆ. ಹಬ್ಬ ಮುಗಿದ ಮಾರನೇ ದಿನವೇ ಲಾಯರಿಗೆ ಹೇಳಿ ಪೇಪರ್ ಹಾಕಿಸ್ತೀನಿ" ಅಂದರು. ಮೌಳಿ ಹೋಗಿ ಒಮ್ಮೆ ಕೆಲಸ ನೋಡಬೇಕು ಅಂತಲೂ ಸೇರಿಸಿದರು.

ಸೆಪ್ಟೆಂಬರ್ ಹದಿನೇಳು, ಗುರುವಾರ ಮಧ್ಯಾಹ್ನ ಚಂದ್ರಮೌಳಿ ತಮ್ಮ ಟೂಲ್ ಬ್ಯಾಗು ಹಿಡಿದು ದ್ವಾರಕಾನಾಥರ ಗ್ಯಾರೇಜಿಗೆ ಗತ್ತಿನಲ್ಲೇ ಹೋದರು. ಬ್ಯಾಗಿನಲ್ಲಿ ಟಾರ್ಚು, ಸ್ಕೇಲು, ಒರೆಸುವ ಬಟ್ಟೆ, ಅರ್ಧ ತುಂಬಿದ ಒಂದು ಬ್ರೇಕ್ ಫ್ಲೂಯಿಡ್ ಬಾಟಲಿ. ಮಂಜೇಶ ಆಗಲೇ ಎಲ್ಲ ಮುಗಿಸಿದ್ದ. ಹೊಸ ಸಿಲಿಂಡರನ್ನು ಮೊದಲು ಮೇಜಿನ ವೈಸಿನ ಇಕ್ಕಳದಲ್ಲಿ ಕಚ್ಚಿಸಿ, ಗುಳ್ಳೆ ನಿಲ್ಲುವ ತನಕ ಪಿಸ್ಟನ್ ಒತ್ತಿ, ಆಮೇಲೆ ಕಾರಿಗೆ ಕೂರಿಸಿದ್ದ. ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗೆ ಸೇರಿದ್ದ ಗಾಳಿಯನ್ನು ತೆಗೆದಿದ್ದ. ನಟ್ಟುಗಳು ಬಿಗಿ, ಪೈಪು ಸೊಟ್ಟಗಿಲ್ಲ, ಕೆಳಗೆ ಹಾಸಿದ್ದ ಪೇಪರಿನ ಮೇಲೆ ಒಂದು ಹನಿ ಬಿದ್ದಿಲ್ಲ. ಚಂದ್ರಮೌಳಿ ಟಾರ್ಚು ಬಿಟ್ಟು ಬಿಟ್ಟು ನೋಡಿದರು. ಪೆಡಲ್ ಒತ್ತಿದರು. ಕಲ್ಲಿನ ಹಾಗೆ ನಿಂತಿತು.

ತಪ್ಪು ಒಂದೂ ಸಿಗಲಿಲ್ಲ. ಸಂತೋಷಪಡಬೇಕಾಗಿತ್ತು ತಾನೇ? ಇವರಿಗೆ ಒಳಗೊಳಗೇ ಏನೋ ಮುಜುಗರ. ಪರೀಕ್ಷೆಗೆ ಅಂತ ಬಂದವರು, ಎಲ್ಲ ಚೆನ್ನಾಗಿದೆ ಅಂತ ಹೇಳಿ ಹೊರಟರೆ ಬ್ರೇಕ್ ಮೌಳಿ ಬಂದದ್ದಕ್ಕೆ ಏನು ಬೆಲೆ? ಮಂಜೇಶ ಕೈ ತೊಳೆಯಲು ಒಳಗೆ ಹೋಗಿದ್ದ. ಇವರು ಸಿಲಿಂಡರಿನ ಮುಚ್ಚಳ ತೆಗೆದು ನೋಡಿದರು. ಫ್ಲೂಯಿಡ್ಡು ಅಂಚಿಗಿಂತ ಕಾಲಿಂಚು ಕೆಳಗಿತ್ತು. ಇರಬೇಕಾದ್ದೂ ಅಷ್ಟೇ, ಪುಸ್ತಕದಲ್ಲಿ ಬರೆದಿರುವುದೂ ಅಷ್ಟೇ, ಅದು ಇವರಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಆದರೂ ಬ್ಯಾಗಿನಿಂದ ತಮ್ಮ ಬಾಟಲಿ ತೆಗೆದು ಅಂಚಿನ ತನಕ ಸುರಿದರು. ಮಂಜೇಶ ಬಂದ ಮೇಲೆ, "ಎಲ್ಲಾ ಸರಿ ಇದೆ ಕಣಪ್ಪ. ಫ್ಲೂಯಿಡ್ ಮಾತ್ರ ಕಾಲಿಂಚು ಕಮ್ಮಿ ಇತ್ತು, ಹಾಕಿದೀನಿ" ಅಂದರು. ಮಂಜೇಶ ಒಂದು ಕ್ಷಣ ಏನೋ ಹೇಳಲು ಹೊರಟವನು, ದೊಡ್ಡವರು ಅಂತ ಸುಮ್ಮನಾದ. "ಥ್ಯಾಂಕ್ಸ್ ಅಂಕಲ್" ಅಂದ.

ಆಯುಧಪೂಜೆ ಆ ಸಲ ಭಾನುವಾರ ಬಂತು. ಯೂನಿಟ್ಟಿನ ಅಂಗಳದಲ್ಲಿ ಜನ ಸೇರಿದ್ದರು, ಆರತಿ ತಟ್ಟೆ ಸಿದ್ಧವಾಗಿತ್ತು. ಡಾರ್ಟ್ ಗೇಟಿನೊಳಗೆ ಬಂದದ್ದನ್ನು ಎಲ್ಲರೂ ನೋಡಿದರು. ನಿಲ್ಲಬೇಕಾದ ಕಡೆ ಅದು ನಿಲ್ಲಲಿಲ್ಲ. ನೆಲಕ್ಕೆ ಬಿಟ್ಟಿದ್ದ ರಂಗೋಲಿ ದಾಟಿತು, ಹೂವಿನ ಬುಟ್ಟಿ ದಾಟಿತು, ಸೀದಾ ಹೋಗಿ ಲಾರಿಗಳಿಗೆ ಸರಕು ತುಂಬುವ ಕಟ್ಟೆಗೆ ಗುದ್ದಿತು. ದ್ವಾರಕಾನಾಥರ ಭುಜದ ಮೂಳೆ ಬಿರುಕು ಬಿಟ್ಟಿತು. ಅವರ ಆರು ವರ್ಷದ ಮೊಮ್ಮಗಳು ಧೃತಿ ತಾತನ ಪಕ್ಕ ಮುಂದಿನ ಸೀಟಿನಲ್ಲಿ ಬರಬೇಕಾಗಿದ್ದವಳು, ಹೊರಡುವಾಗ ಅಮ್ಮನ ಕಾರಿನಲ್ಲೇ ಬರ್ತೀನಿ ಅಂತ ಹಟ ಮಾಡಿದ್ದಳು. ಆ ಮಾತು ಕೇಳಿದವರೆಲ್ಲ ಎದೆ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಎಲ್ಲರ ಕಣ್ಣೂ ಮಂಜೇಶನ ಕಡೆಗೆ ತಿರುಗಿತು.

ಎರಡು ದಿನ ಬಿಟ್ಟು, ಅಂಬುಜಮ್ಮನ ಕಾರಿನ ಸ್ಟಿಯರಿಂಗ್ ತಿರುಗಿಸಿದರೆ ಕುಂಯ್ ಅನ್ನುತ್ತಿದೆ ಅಂತ ಚಂದ್ರಮೌಳಿ ಪವರ್ ಸ್ಟಿಯರಿಂಗಿನ ಎಣ್ಣೆ ಹುಡುಕಲು ಗ್ಯಾರೇಜಿಗೆ ಹೋದರು. ಶೆಲ್ಫಿನಲ್ಲಿ ಅದರ ಡಬ್ಬ ಇರಲಿಲ್ಲ. ಎಲ್ಲಿ ಹೋಯಿತು? ತಲೆ ಕೆರೆದುಕೊಂಡರು. ಡೆಟ್ರಾಯಿಟ್‌ನಿಂದ ಸಾಮಾನು ಸಾಗಿಸುವಾಗ ಆ ಡಬ್ಬ ಒಡೆದಿತ್ತು. ಉಳಿದದ್ದನ್ನು ಚೆಲ್ಲಲು ಮನಸ್ಸು ಬರದೆ ಒಂದು ಖಾಲಿ ಬಾಟಲಿಗೆ ಬಗ್ಗಿಸಿದ್ದರು. ಒಳ್ಳೆ ಬಾಟಲಿ, ಮುಚ್ಚಳ ಭದ್ರ. ಮೇಲೆ ಹೆಸರು ಬರೆಯೋಣ ಅಂದುಕೊಂಡು ಮಾರ್ಕರ್ ಸಿಗದೆ ಬಿಟ್ಟಿದ್ದರು. ಬ್ರೇಕ್ ಫ್ಲೂಯಿಡ್ಡಿನ ಬಾಟಲಿ.

ಟೂಲ್ ಬ್ಯಾಗಿನಿಂದ ಬಾಟಲಿ ತೆಗೆದುಕೊಂಡು ಅಡುಗೆಮನೆಗೆ ಬಂದರು. ಸ್ಟೀಲ್ ಲೋಟದಲ್ಲಿ ನೀರು ಹಿಡಿದು ನಾಲ್ಕು ತೊಟ್ಟು ಹಾಕಿದರು. ಬ್ರೇಕ್ ಫ್ಲೂಯಿಡ್ ಆಗಿದ್ದರೆ ನೀರಿನಲ್ಲಿ ಕರಗಿಹೋಗಬೇಕು. ಕರಗಲಿಲ್ಲ. ಸಾರಿನ ಮೇಲಿನ ಒಗ್ಗರಣೆಯ ಹಾಗೆ ಮೇಲೆ ಬಂದು ತೇಲಿತು. ಎಣ್ಣೆ! ಆ ಎಣ್ಣೆ ತಗುಲಿದರೆ ಬ್ರೇಕಿನ ರಬ್ಬರು ಊದಿಕೊಳ್ಳುತ್ತದೆ. ಊದಿದ ರಬ್ಬರು ಒತ್ತಿದ ಒತ್ತಡವನ್ನು ವಾಪಸು ಬಿಡುವುದಿಲ್ಲ, ಬ್ರೇಕು ಹಿಡಿದೇ ಇರುತ್ತದೆ, ಕಾಯುತ್ತದೆ, ಕೊನೆಗೆ ಫ್ಲೂಯಿಡ್ ಕುದಿದು ಪೆಡಲ್ಲು ಪಾತಾಳಕ್ಕೆ ಹೋಗುತ್ತದೆ. ಇದನ್ನು ಇಪ್ಪತ್ತೇಳು ವರ್ಷದಲ್ಲಿ ಎಷ್ಟು ಜನ ಹೊಸಬರಿಗೆ ಅವರೇ ಪಾಠ ಹೇಳಿಲ್ಲ!

ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ದ್ವಾರಕಾನಾಥ.

"ಮೌಳಿ, ಅರ್ಧ ದಾರಿಗೆ ಕಾರು ಮುಂದಕ್ಕೇ ಹೋಗ್ತಿರ್ಲಿಲ್ಲ ಕಣೋ, ಯಾರೋ ಹಿಂದಿಂದ ಹಿಡ್ಕೊಂಡ ಹಾಗೆ. ಸುಟ್ಟ ವಾಸನೆ ಬೇರೆ. ಆ ಮಂಜೇಶ ಏನೂ ತಪ್ಪು ಮಾಡಿಲ್ಲ ಅಂತಾನೆ. ನೀನು ನೋಡಿದ್ಯಲ್ಲ, ಏನಿರಬಹುದು?"

ಲೋಟದಲ್ಲಿ ಎಣ್ಣೆ ತೇಲುತ್ತಾ ಇತ್ತು. ಹೇಳಿಬಿಡಬೇಕಾಗಿತ್ತು. ನಾಲಿಗೆಯ ತುದಿಗೂ ಬಂತು. ಬ್ರೇಕ್ ಮೌಳಿ ಬ್ರೇಕಿಗೆ ಸ್ಟಿಯರಿಂಗ್ ಎಣ್ಣೆ ಹಾಕಿದನಂತೆ ಅಂತ ನಾಳೆ ದೇವಸ್ಥಾನದಲ್ಲಿ ಜನ ಆಡಿಕೊಳ್ಳುವುದು ಕಿವಿಗೇ ಕೇಳಿಸಿದ ಹಾಗಾಯಿತು. "ಒಳಗೆ... ಗಾಳಿ ಉಳಿದಿತ್ತೇನೋ" ಅಂದರು. ಗಾಳಿ ಉಳಿದರೆ ಕಾರು ಹಿಡಿದುಕೊಳ್ಳುವುದಿಲ್ಲ, ಸುಟ್ಟ ವಾಸನೆ ಬರುವುದಿಲ್ಲ. ಅದು ಸುಳ್ಳು ಅಂತ ಬಾಯಿಂದ ಬೀಳುವಾಗಲೇ ಗೊತ್ತಿತ್ತು.

"ಅಂದ್ರೆ ಅವನು ಸರಿಯಾಗಿ ತೆಗೆದಿಲ್ಲ."

"ಇರಬಹುದು."

"ಅಷ್ಟೇ ತಾನೇ. ಇಂಥವನ ಕೈಗೆ ನನ್ನ ಯೂನಿಟ್ಟಿನ ಕ್ವಾಲಿಟಿ ಕೊಡ್ತಿದ್ದೆನಲ್ಲ!" ಫೋನು ಇಟ್ಟರು.

ಅಂಬುಜಮ್ಮ ಬಂದು, "ಏನ್ರೀ ಅದು, ನನ್ನ ಕಾಫಿ ಲೋಟದಲ್ಲಿ?" ಅಂದರು. "ಏನಿಲ್ಲ" ಅಂದರು ಚಂದ್ರಮೌಳಿ. ಆ ಲೋಟವನ್ನು ಮೂರು ಸಲ ಸೋಪು ಹಾಕಿ ತೊಳೆದರು.

ಹೇಗೆ ಕಳೆದರೋ ಆ ದಿನಗಳನ್ನ! ಮಾತಾಡಿಸಿದರೆ ಸಿಡುಕು. ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಹೇಳಿಬಿಡ್ತೀನಿ ಅಂದುಕೊಳ್ಳುವುದು, ಸ್ನಾನ ಆಗುವಷ್ಟರಲ್ಲಿ ಒಂದು ನೆಪ ಹುಟ್ಟುವುದು. ಮಂಜೇಶ ಬುದ್ಧಿವಂತ, ಬೇರೆ ಕಡೆ ಸಿಕ್ಕೇ ಸಿಗತ್ತೆ. ದ್ವಾರ್ಕಿಗೆ ಭುಜದ ನೋವು, ಈಗ ಬೇಡ. ಧೃತಿಯ ನೆನಪು ಬಂದಾಗ ಮಾತ್ರ ಯಾವ ನೆಪವೂ ನಿಲ್ಲುತ್ತಿರಲಿಲ್ಲ. ಮುಂದಿನ ಸೀಟಿನಲ್ಲಿ ಆ ಮಗು ಕೂತಿದ್ದರೆ? ಆಗ ಎದ್ದು ಹೋಗಿ ಗ್ಯಾರೇಜಿನಲ್ಲಿ ನಿಲ್ಲುತ್ತಿದ್ದರು. ಛೀ, ನಾನೂ ಒಬ್ಬ ಮನುಷ್ಯನೇ? ಅನ್ನಿಸುತ್ತಿತ್ತು. ಮತ್ತೆ ಒಳಗೆ ಬಂದು ಟಿವಿ ಹಾಕುತ್ತಿದ್ದರು.

ಅಕ್ಟೋಬರ್ ಹನ್ನೊಂದು, ಭಾನುವಾರ ಬೆಳಿಗ್ಗೆ ಅಂಬುಜಮ್ಮ ಎಲ್ಲಿಂದಲೋ ಒಂದು ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ತುಂಬ ಖಾಲಿ ಸೀಸೆಗಳು, ಡಬ್ಬಗಳು, ಎಲ್ಲ ತೊಳೆದು ಒರೆಸಿದವು. "ಲತಾಶ್ರೀ ಕೊಟ್ಟಳು ಕಣ್ರೀ. ಎಸೆಯೋಕೆ ಮನಸ್ಸಾಗ್ಲಿಲ್ಲ ಆಂಟಿ, ನಿಮಗೆ ಆಗತ್ತೆ ಅಂದಳು. ಬರೋ ಗುರುವಾರ ಊರಿಗೆ ಹೊರಡ್ತಾರಂತೆ ಪಾಪ, ಪೂರ್ತಿಯಾಗಿ."

ಚಂದ್ರಮೌಳಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಎರಡೇ ಬೀದಿ ಆಚೆ ಆ ಅಪಾರ್ಟ್‌ಮೆಂಟು. ಬಾಗಿಲು ತೆರೆದದ್ದು ಲತಾಶ್ರೀ. "ಬನ್ನಿ ಅಂಕಲ್" ಅಂದಳು, ಮುಖದಲ್ಲಿ ನಗು ಇರಲಿಲ್ಲ. ಹಾಲಿನ ತುಂಬ ಸೂಟ್‌ಕೇಸುಗಳು ಬಾಯಿ ತೆರೆದುಕೊಂಡಿದ್ದವು. ಮಂಜೇಶ ನೆಲದ ಮೇಲೆ ಕೂತು ತೂಕ ನೋಡುತ್ತಿದ್ದ. ಅಡುಗೆಮನೆಯ ಕಿಟಕಿಯಲ್ಲಿ, ಎಲ್ಲ ಖಾಲಿಯಾದ ಜಾಗದಲ್ಲಿ, ಒಂದೇ ಒಂದು ಗಾಜಿನ ಸೀಸೆ. ಒಳಗೆ ನೀರು, ನೀರಿನ ಮೇಲೆ ಹಳದಿ ಎಣ್ಣೆಯ ಪದರ.

ಚಂದ್ರಮೌಳಿ ಅದನ್ನು ನೋಡಿದರು. ಅವರು ನೋಡಿದ್ದನ್ನು ಮಂಜೇಶ ನೋಡಿದ.

"ಎಲ್ಲಿ ಸಿಕ್ತು?" ಅಂದರು.

"ಡಾರ್ಟಿಂದಲೇ. ಹಬ್ಬ ಆಗಿ ಮೂರನೇ ದಿನ ಹೋಗಿ ಸ್ವಲ್ಪ ತಕ್ಕೊಂಬಂದೆ."

"ಅಂದ್ರೆ ನಿನಗೆ ಗೊತ್ತಿತ್ತು."

"ನಾನು ಹಾಕಿದ್ದು ಆಗತಾನೇ ಸೀಲ್ ಒಡೆದ ಹೊಸ ಬಾಟಲಿ ಅಂಕಲ್. ಆಮೇಲೆ ಸಿಲಿಂಡರ್ ಮುಚ್ಚಳ ತೆಗೆದೋರು ನೀವೊಬ್ಬರೇ."

"ದ್ವಾರ್ಕಿಗೆ ಯಾಕೆ ಹೇಳ್ಲಿಲ್ಲ ನೀನು?"

ಮಂಜೇಶ ಸೂಟ್‌ಕೇಸಿನ ಜಿಪ್ಪು ಎಳೆದ. "ಹೇಳಕ್ಕೆ ಅಂತಲೇ ಫೋನ್ ಮಾಡಿದ್ದೆ. ನಾನು ಬಾಯಿ ತೆಗೆಯೋಕೆ ಮುಂಚೆ, ಗಾಳಿ ಉಳಿಸಿದ್ಯಂತೆ, ಮೌಳೀನೇ ಹೇಳಿದ ಅಂದ್ರು. ನಿಮ್ಮ ಮಾತಿನ ಮುಂದೆ ನನ್ನ ಮಾತು ಯಾರು ನಂಬ್ತಾರೆ ಅಂಕಲ್? ತಾನು ತಪ್ಪಿಸ್ಕೊಳಕ್ಕೆ ದೊಡ್ಡೋರ ಮೇಲೆ ಹಾಕ್ತಾನೆ ಅಂತಿದ್ರು. ಅದಕ್ಕೆ, ನಿಮಗೂ ಗೊತ್ತಾಗಿರತ್ತೆ, ನೀವೇ ಹೇಳ್ತೀರ ಅಂತ ಕಾದೆ. ಶುಕ್ರವಾರದ ತನಕ ಕಾದೆ."

ಲತಾಶ್ರೀ ಒಳಗಿನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಂದ್ರಮೌಳಿಗೆ ನಿಂತ ನೆಲ ಕುಸಿಯಬಾರದೇ ಅನ್ನಿಸಿತು. ಮುಖ ಮುಚ್ಚಿಕೊಂಡು ಅತ್ತರು. ಅರವತ್ತಮೂರು ವರ್ಷದ ಮನುಷ್ಯ, ಸೂಟ್‌ಕೇಸುಗಳ ನಡುವೆ ನಿಂತು, "ತಪ್ಪಾಯ್ತು ಕಣಪ್ಪ, ತಪ್ಪಾಯ್ತು" ಅಂತ ಅತ್ತರು. ಅಲ್ಲಿಂದಲೇ ಫೋನು ತೆಗೆದು ದ್ವಾರಕಾನಾಥರಿಗೆ ಮಾಡಿ, ಸ್ಪೀಕರಿಗೆ ಹಾಕಿ, ಬಾಟಲಿಯ ವಿಷಯ, ಲೋಟದ ವಿಷಯ, ಗಾಳಿ ಅಂತ ಹೇಳಿದ ಸುಳ್ಳು, ಒಂದೂ ಬಿಡದೆ ಹೇಳಿದರು.

ಆ ಕಡೆ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, "ಮಂಜೇಶ್ ಅಲ್ಲಿದ್ದಾನಾ?" ಅಂದರು ದ್ವಾರಕಾನಾಥ. "ನಾಳೆ ಬೆಳಿಗ್ಗೇನೇ ಲಾಯರಿಗೆ ಫೋನ್ ಮಾಡ್ತೀನಪ್ಪ."

ಮಾಡಿದರು. ಲಾಯರು ಹೇಳಿದ್ದು ಇಷ್ಟು: ಶುಕ್ರವಾರ ಸಂಜೆಯೊಳಗೆ ಪೇಪರು ಬಂದಿದ್ದರೆ ಇಲ್ಲಿದ್ದುಕೊಂಡೇ ಆಗುತ್ತಿತ್ತು. ಈಗ ಅವರು ಹೋಗಲೇಬೇಕು. ಊರಿಂದ ಮತ್ತೆ ಹಾಕಬಹುದು, ಆದರೆ ಈ ಕಾಲದಲ್ಲಿ ಯಾವಾಗ ಏನಾಗುತ್ತೆ ಅಂತ ಭರವಸೆ ಕೊಡಲಾರೆ. ತಡವಾಗಿದ್ದು ಎರಡೇ ದಿನ.

ಮಂಜೇಶ ಕೇಳಿದ್ದು ಒಂದನ್ನೇ. "ಬುಧವಾರ ಬಿಡುವಿದೆ ಸರ್. ಆ ಕಾರು ಸರಿಮಾಡಿ ಹೋಗ್ತೀನಿ. ಮಂಜೇಶ ಮುಟ್ಟಿದ್ದು ನಿಲ್ಲಲಿಲ್ಲ ಅನ್ನೋ ಮಾತು ಇಲ್ಲಿ ಉಳೀಬಾರ್ದು." ಆಮೇಲೆ ಚಂದ್ರಮೌಳಿಗೆ ಫೋನ್ ಮಾಡಿ, "ಗಾಳಿ ತೆಗೆಯೋಕೆ ಇನ್ನೊಬ್ಬರು ಬೇಕು ಅಂಕಲ್, ಬರ್ತೀರಾ?" ಅಂದ.

ಈ ಸಲ ಕೆಲಸ ದೊಡ್ಡದು. ಎಣ್ಣೆ ಮುಟ್ಟಿದ ರಬ್ಬರು ಯಾವುದನ್ನೂ ಉಳಿಸುವ ಹಾಗಿಲ್ಲ. ಮಾಸ್ಟರ್ ಸಿಲಿಂಡರ್ ಬಿಚ್ಚಿದ. ಅದರೊಳಗಿನ ರಬ್ಬರಿನ ಬಟ್ಟಲು ನೆನೆದ ಕಡಲೆಯ ಹಾಗೆ ಊದಿಕೊಂಡಿತ್ತು. ಅದನ್ನು ಚಂದ್ರಮೌಳಿಯ ಅಂಗೈಯಲ್ಲಿಟ್ಟ. ನಾಲ್ಕು ಚಕ್ರದ ಸಿಲಿಂಡರುಗಳು, ಮೂರು ರಬ್ಬರ್ ಪೈಪುಗಳು, ಎಲ್ಲ ಹೊಸದು. ಕಬ್ಬಿಣದ ಪೈಪುಗಳನ್ನು ಎರಡೆರಡು ಸಲ ತೊಳೆದ. ದ್ವಾರಕಾನಾಥ ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು. "ಚಂದ್ರಮೌಳಿ, ಕಾಫಿ ಒಳಗಿದೆ" ಅಂದರು ಒಮ್ಮೆ. ಮೂವತ್ತೇಳು ವರ್ಷದಲ್ಲಿ ಅವರು ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಚಂದ್ರಮೌಳಿಗೆ ಕಾಫಿ ಬೇಕಾಗಲಿಲ್ಲ.

ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ಒತ್ತುವ ಕೆಲಸ ಅವರದು. ಹಿಂದಿನ ಚಕ್ರದ ಬುಡದಿಂದ ಮಂಜೇಶನ ದನಿ ಬರುತ್ತಿತ್ತು.

"ಒತ್ತಿ ಅಂಕಲ್."

ಒತ್ತಿದರು.

"ಹಿಡ್ಕೊಳಿ."

ಹಿಡಿದರು.

"ಬಿಡಿ."

ಒಂದು ಚಕ್ರ, ಎರಡು ಚಕ್ರ, ಮೂರು, ನಾಲ್ಕು. ಹೇಳಿದಾಗ ಒತ್ತಿದರು, ಹೇಳಿದಾಗ ಬಿಟ್ಟರು, ತಮ್ಮದೊಂದು ಮಾತು ಸೇರಿಸಲಿಲ್ಲ. ಕೊನೆಗೆ ಪೆಡಲ್ಲು ಕಲ್ಲಿನ ಹಾಗೆ ನಿಂತಿತು.

ಮಂಜೇಶ ಎದ್ದು ಬಂದು ಕೈ ಒರೆಸಿಕೊಂಡ. ಹೊಸ ಬಾಟಲಿಯ ಸೀಲು ಒಡೆದು, ಮೂಸಿ ನೋಡಿ, ಸ್ವಲ್ಪ ಹಾಕಿ ನಿಲ್ಲಿಸಿದ. "ಅಂಕಲ್, ನೀವೊಂದ್ಸಲ ನೋಡ್ಬಿಡಿ" ಅಂದ. ಕುಹಕ ಇರಲಿಲ್ಲ ಆ ದನಿಯಲ್ಲಿ. ಕೆಲಸ ಮುಗಿದ ಮೇಲೆ ಒಬ್ಬರು ನೋಡಬೇಕು, ಅಷ್ಟೇ.

ಚಂದ್ರಮೌಳಿ ಕಾರಿನಿಂದಿಳಿದು ಬಂದು, ಬಗ್ಗದ ಸೊಂಟವನ್ನು ಬಗ್ಗಿಸಿ ನೋಡಿದರು. ಫ್ಲೂಯಿಡ್ಡು ಅಂಚಿಗಿಂತ ಕಾಲಿಂಚು ಕೆಳಗಿತ್ತು. ಬಾಟಲಿ ಪಕ್ಕದಲ್ಲೇ ಇತ್ತು. ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಸರಿಯಾಗಿದೆ ಕಣಪ್ಪ" ಅಂದರು. "ಇಷ್ಟೇ ಇರಬೇಕು. ಅವತ್ತೂ ಇಷ್ಟೇ ಇತ್ತು."

ಮಂಜೇಶ ಮುಚ್ಚಳ ಹಾಕಿ ಬಿಗಿ ಮಾಡಿದ. ಮಾರನೇ ದಿನ ಸಂಜೆ ನಾಲ್ಕಕ್ಕೆ ಅವರ ಫ್ಲೈಟು.